ಮಳೆ ತಾನಾಗಿ ಬಿದ್ದ ಆರು ವರ್ಷ

“ಇದು ನನ್ನ ಮಾತಲ್ಲಮ್ಮ. ಆ ಆರು ವರ್ಷ ನೀವು ಏನೂ ಮಾಡಿಲ್ಲ ಅಂತ ನಿಮ್ಮ ಸಾಹೇಬರೇ ಬರೆದುಕೊಟ್ಟಿದ್ದಾರೆ.”

ಹಾಗೆಂದ ಅಧಿಕಾರಿ ಸಿಮುಕೋಕೊ ಫೈಲಿನ ಮೇಲೆ ಎರಡೂ ಅಂಗೈ ಊರಿ, ಇನ್ನು ತಾನೇನು ಮಾಡಲಿ ಎಂಬಂತೆ ಅವಳ ಮುಖ ನೋಡಿದ. ಪರ್ಪೆಟುವಾ ಕಪೇಸ ಕಿಟಕಿಯಿಂದ ನೆಲಕ್ಕೆ ಬಿದ್ದಿದ್ದ ಬಿಸಿಲಿನ ಚೌಕವನ್ನು ನೋಡುತ್ತಿದ್ದಳು. ಒಳಗೆ ಬಂದಾಗ ಅದು ಕಬ್ಬಿಣದ ಬೀರುವಿನ ಕಾಲಿಗೆ ತಾಗಿತ್ತು. ಈಗ ಒಂದು ಗೇಣು ಸರಿದಿದೆ, ಅಂದರೆ ಹತ್ತೂಕಾಲು ಆಗಿರಬೇಕು. ಕಾಸಾಮಾದ ಈ ಕಚೇರಿಗೆ ಅವಳು ಬಂದದ್ದು ಇದು ನಾಲ್ಕನೆಯ ಸಲ. ಪ್ರತಿ ಸಲವೂ ಮೇಜಿನ ಆಚೆ ಹೊಸ ಮುಖ, ಈಚೆ ಅದೇ ಕುರ್ಚಿ. ಅದರ ಒಂದು ಕಾಲು ಗಿಡ್ಡ. ಸ್ವಲ್ಪ ಅಲುಗಿದರೂ ಟಕ್ಕೆಂದು ಸದ್ದು ಮಾಡಿ, ಕೂತವಳು ಏನೋ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗೆ ಮಾಡಿಬಿಡುತ್ತದೆ. ಅದಕ್ಕೇ ಅವಳು ಎಡಗಡೆಗೆ ಭಾರ ಹಾಕಿ, ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತಿದ್ದಳು. ಮಾರ್ಚ್ ಕೊನೆಗೆ ನಿವೃತ್ತಿ, ಆಮೇಲೆ ಈ ಅರ್ಜಿಯನ್ನು ಯಾರೂ ತೆಗೆದು ನೋಡುವುದಿಲ್ಲ. ಹವಾಮಾನ ಸ್ಟೇಷನ್ನಿನ ಬರೀ ವೀಕ್ಷಕಿಯಾಗಿದ್ದವಳು ಆರು ವರ್ಷ ಮುಖ್ಯಾಧಿಕಾರಿಯ ಪ್ರಭಾರ ಹೊತ್ತದ್ದಕ್ಕೆ ಪ್ರಭಾರ ಭತ್ಯೆ ಸಲ್ಲುತ್ತದೋ ಇಲ್ಲವೋ ಎಂಬುದು ಈ ಸಲವೇ ತೀರ್ಮಾನವಾಗಬೇಕು. ಬಂದರೆ ಹಿಂದಿನ ಕೋಣೆಗೆ ತಗಡು ಹಾಕಿಸಬಹುದು, ನಿಜ. ಆದರೆ ಐದು ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದದ್ದು ತಗಡಿಗಾಗಿ ಅಲ್ಲವೆಂದು ಅವಳಿಗೇ ಗೊತ್ತಿತ್ತು. ‘ಏನೂ ಮಾಡಿಲ್ಲ’ ಎಂಬ ಆ ಎರಡು ಮಾತನ್ನು ಯಾರಾದರೂ ಹೊಡೆದುಹಾಕಬೇಕಿತ್ತು. ಬರೆದವನೇ ಹೊಡೆದುಹಾಕಲೆಂದರೆ ಅವನಿಲ್ಲ. ಲೆವಿಸನ್ ಜೇರೆ ಸತ್ತು ಮೂರು ವರ್ಷವಾಯಿತು.

ಸ್ಟೇಷನ್ನಿನ ಮುಖ್ಯಾಧಿಕಾರಿಯಾಗಿದ್ದ ಕಾಲದಲ್ಲಿ ಜೇರೆ, ಎಂಟು ಗಂಟೆಗೆ ಬರಬೇಕಾದವನು, ಏಳೂವರೆಗೇ ಬೇಲಿಯ ಆಚೆಯಿಂದ ಕೂಗುತ್ತಿದ್ದ. “ನನ್ನ ಆಳು ಎದ್ದಳಾ, ಇಲ್ಲಾ ನಿನ್ನೆ ತಿಂದ ಕೋತಿ ಇನ್ನೂ ಹೊಟ್ಟೇಲಿ ಕುಣೀತಿದೆಯಾ?” ಅವಳು ಮಳೆಮಾಪಕದ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿನ ಕೊಳವೆಯನ್ನು ಕಣ್ಣಿನ ನೇರಕ್ಕೆ ಹಿಡಿದುಕೊಂಡೇ ಉತ್ತರ ಕೊಡುತ್ತಿದ್ದಳು. “ಬಾರೋ ಇಲಿ ತಿನ್ನೋನೇ. ಹದಿನಾಲ್ಕು ಮಿಲಿಮೀಟರು ಬಿದ್ದಿದೆ. ನಿನ್ನ ಬಿಲಕ್ಕೆ ನೀರು ನುಗ್ಗಿ ಬೇಗ ಎದ್ದು ಬಂದೆ ಅಂತ ಕಾಣುತ್ತೆ.” ಅವನು ಪೂರ್ವದ ಅಂಗೋನಿ, ಇಲಿ ತಿನ್ನುವವರೆಂದು ಹೆಸರಾದ ಕುಲ. ಇವಳು ಬೆಂಬಾ, ಕೋತಿ ತಿನ್ನುವವರೆಂದು ಹೆಸರಾದದ್ದು. ಅಜ್ಜಂದಿರ ಕಾಲದಲ್ಲಿ ಒಬ್ಬರನ್ನೊಬ್ಬರು ಕೊಂದು ಕೊಂದು ದಣಿದ ಈ ಎರಡು ಕುಲಗಳು, ಇನ್ನು ಬೈದಾಡಿಕೊಂಡೇ ಬದುಕೋಣ ಎಂದು ನೆಂಟಸ್ತಿಕೆ ಮಾಡಿಕೊಂಡವು. ಬೈಗುಳದ ನೆಂಟ ಏನೆಂದರೂ ಸಿಟ್ಟಾಗುವಂತಿಲ್ಲ, ಸಿಟ್ಟಾದವರು ಸೋತ ಹಾಗೆ. ಸಾವಿನ ಮನೆಗೂ ಬೈಗುಳದ ನೆಂಟರು ಬರಲೇಬೇಕು. ಅಳುವವರ ನಡುವೆ ನಿಂತು, ಸತ್ತವನ ಮಾನ ಕಳೆದು, ನಾಲ್ಕು ಜನ ನಗುವಂತೆ ಮಾಡಿ ಕಳಿಸಿಕೊಡುವುದು ಅವರ ಕೆಲಸ. ಹೊಸದಾಗಿ ಸ್ಟೇಷನ್ನಿಗೆ ಬಂದಾಗ ಅವಳಿಗೆ ಮೋಡ ಲೆಕ್ಕ ಹಾಕಲು ಬರುತ್ತಿರಲಿಲ್ಲ. ಜೇರೆ ಅಂಗಳದ ನಡುವೆ ಅವಳನ್ನು ನಿಲ್ಲಿಸಿ, “ಆಕಾಶಾನ ಎಂಟು ತುತ್ತು ಮಾಡು, ಜೋಳದ ಮುದ್ದೆ ಮುರಿದ ಹಾಗೆ. ಎಷ್ಟು ತುತ್ತಿಗೆ ಸಾರು ಹತ್ತಿದೆ ಹೇಳು. ತಿನ್ನೋ ಲೆಕ್ಕ ಆದ್ರೆ ನಿನಗೆ ಬರುತ್ತೆ,” ಎಂದಿದ್ದ. ಈಗಲೂ ಅವಳು ತಲೆಯೆತ್ತಿದರೆ ಮೊದಲು ಕಾಣುವುದು ಆ ತುತ್ತುಗಳೇ.

“ಚಹಾ ತರಿಸಲಾ ಅಮ್ಮ?” ಎಂದ ಸಿಮುಕೋಕೊ.

“ಬೇಡ ಸರ್,” ಎಂದಳು. ಮಗನ ವಯಸ್ಸಿನವನನ್ನು ಸರ್ ಎನ್ನುವಾಗ ಕುರ್ಚಿ ಟಕ್ಕೆಂದಿತು.

ಕಾಲಿನ ಬೆರಳಿನ ಹುಣ್ಣು ಒಣಗುತ್ತಿಲ್ಲವೆಂದು ಜೇರೆ ಮೂರು ತಿಂಗಳ ರಜೆ ಹಾಕಿ ಊರಿಗೆ ಹೊರಟ. ಕೀಲಿಗೊಂಚಲನ್ನು ಅವಳ ಮಡಿಲಿಗೆ ಎಸೆದು, “ನನ್ನ ಕುರ್ಚಿ ಬೆಚ್ಚಗಿಡು. ಕೂರೋ ಮೊದಲು ಕಾಲು ಒರೆಸಿಕೋ,” ಎಂದ. ಮೂರು ತಿಂಗಳು ಆರಾಯಿತು. ಸಕ್ಕರೆ ಕಾಯಿಲೆಯಂತೆ, ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಬದಲಿಗೆ ಇನ್ನೊಬ್ಬರನ್ನು ಯಾರೂ ಕಳಿಸಲಿಲ್ಲ. ಆರು ವರ್ಷ ತಿಂಗಳ ತಖ್ತೆಗಳಿಗೆ ಅವಳೇ ಸಹಿ ಹಾಕಿದಳು, ರೇಡಿಯೋದಲ್ಲಿ ರಾಜಧಾನಿಗೆ ಅವಳೇ ಅಂಕಿಗಳನ್ನು ಓದಿದಳು, ಥರ್ಮಾಮೀಟರುಗಳನ್ನಿಡುವ ಬಿಳಿ ಪೆಟ್ಟಿಗೆಯ ಗೆದ್ದಲು ಹಿಡಿದ ಕಾಲನ್ನು ಬಡಗಿಯ ಮನೆ ಬಾಗಿಲಲ್ಲಿ ಎರಡು ದಿನ ಕೂತು ಮಾಡಿಸಿ ತಂದಳು. ಸಂಜೆ ಬಿಸಿಲು ಇಳಿದ ಮೇಲೆ ಗಾಜಿನ ಗುಂಡಿನ ಹಿಂದಿನಿಂದ ಕಾರ್ಡನ್ನು ಎಳೆದು ಹೊಸದನ್ನು ಸಿಕ್ಕಿಸುತ್ತಿದ್ದಳು. ಸೂರ್ಯ ಇದ್ದಷ್ಟು ಹೊತ್ತು ಆ ಗುಂಡು ಕಾರ್ಡಿನ ಮೇಲೆ ಒಂದು ಸಣ್ಣ ಗೆರೆ ಸುಡುತ್ತಾ ಹೋಗುತ್ತದೆ. ಮೋಡ ಬಂದಲ್ಲಿ ಗೆರೆ ತುಂಡಾಗುತ್ತದೆ. ಸುಟ್ಟ ಕಾಗದದ ಆ ವಾಸನೆ ಅವಳ ಚಿತೆಂಗೆ ಬಟ್ಟೆಗೆಲ್ಲ ಹತ್ತಿಕೊಂಡಿರುತ್ತಿತ್ತು, ಗಂಡ ಬದುಕಿದ್ದಾಗ ಅದನ್ನು ಮೂಸಿಯೇ ಇವತ್ತು ಬಿಸಿಲಿತ್ತೋ ಇಲ್ಲವೋ ಹೇಳುತ್ತಿದ್ದ. ತಿಂಗಳಿಗೊಂದು ಕಾಗದ ಜೇರೆಯಿಂದ ಬರುತ್ತಿತ್ತು. ಅದರಲ್ಲಿ ಕಾಲಿನ ಸುದ್ದಿ ಒಂದು ಸಾಲು, ಬೈಗುಳ ಎರಡು ಪುಟ. ‘ನೀನು ಮಾಡಿದ ಮಳೆ ನೋಡಿದೆ, ಪೇಪರಿನಲ್ಲಿ ಬಂದಿತ್ತು. ಕಳಪೆ ಮಳೆ.’ ಅವಳು ರೀಡಿಂಗ್ ಮುಗಿಸಿ, ಮಾವಿನಮರದ ಕೆಳಗೆ ಕೂತು ಒಬ್ಬಳೇ ನಗುತ್ತಿದ್ದಳು. ಅಂಥ ಬೆಳಗುಗಳು ತನ್ನ ಆಯುಷ್ಯದಲ್ಲಿ ಬಂದು ಹೋದವು ಎಂಬುದೇ ಈ ಗಿಡ್ಡಕಾಲಿನ ಕುರ್ಚಿಯ ಮೇಲೆ ಕೂತಾಗ ನಂಬಲಾಗದಂತೆ ಇತ್ತು.

ಜೇರೆ ಕೊನೆಗೆ ನಿವೃತ್ತಿ ಬರೆದುಕೊಟ್ಟ ಮೇಲೆಯೇ ಅವಳು ಭತ್ಯೆಗೆ ಅರ್ಜಿ ಹಾಕಿದ್ದು. ಅವನು ಹುದ್ದೆಯಲ್ಲಿರುವಾಗ ಕೇಳಿದರೆ ಅವನ ಕುರ್ಚಿ ಎಳೆದ ಹಾಗಾದೀತೆಂದು ಸುಮ್ಮನಿದ್ದಳು. ಅರ್ಜಿಗೆ ಉತ್ತರ ಬಂದ ವಾರವೇ ಅವನ ಸಾವಿನ ಸುದ್ದಿಯೂ ಬಂತು. ಮಂಗಳವಾರ ಟೈಪು ಮಾಡಿದ ನಾಲ್ಕು ಸಾಲು. ‘ತಮ್ಮ ಮೇಲಧಿಕಾರಿಯೇ ಲಿಖಿತವಾಗಿ ತಿಳಿಸಿರುವಂತೆ, ಸದರಿ ಅವಧಿಯಲ್ಲಿ ತಾವು ಏನೂ ಮಾಡಿಲ್ಲವಾದ್ದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ.’ ಶುಕ್ರವಾರ ಫೋನು. ಶನಿವಾರ ಮಣ್ಣು ಮಾಡುತ್ತಾರಂತೆ. ಸಹಾಯಕಿ ಎಡಿನಾ, “ಹೊರಡಿ ಅಮ್ಮ, ಎಂಟರ ರೀಡಿಂಗ್ ನಾನು ನೋಡ್ಕೋತೀನಿ,” ಎಂದಳು. ಆಗ ತಾನು ಹೇಳಿದ ಮಾತು ಪರ್ಪೆಟುವಾಗೆ ಇವತ್ತಿಗೂ ಅಂಗುಳಲ್ಲಿ ಕಹಿಯಾಗಿ ನಿಂತಿದೆ. “ನಾನೇನೂ ಮಾಡಿಲ್ಲವಂತಲ್ಲ, ಇವತ್ತಾದರೂ ಮಾಡ್ತೀನಿ.” ಆ ಶನಿವಾರ ಅವಳು ಎಂದೂ ಇಲ್ಲದ ಅಚ್ಚುಕಟ್ಟಿನಿಂದ ಗಂಟೆಗೊಮ್ಮೆ ರೀಡಿಂಗ್ ತೆಗೆದಳು. ಬೇಕಿರದಿದ್ದರೂ ತೆಗೆದಳು. ಆಕಾಶದಲ್ಲಿ ಒಂದು ತುತ್ತು ಮೋಡವೂ ಇರಲಿಲ್ಲ. ಸಂಜೆ ಕಾರ್ಡು ಎಳೆದಾಗ ಬೆಳಗಿನಿಂದ ಸಂಜೆಯವರೆಗೆ ಗೆರೆ ಒಂದೇ ಸಮ, ಎಲ್ಲೂ ತುಂಡಾಗದೆ, ಯಾರೋ ರಚ್ಚೆ ಹಿಡಿದು ಎಳೆದ ಹಾಗೆ ಇತ್ತು. ಆ ಕಾರ್ಡನ್ನು ಅವಳು ಮೇಲಕ್ಕೆ ಕಳಿಸಲಿಲ್ಲ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ತಪ್ಪಿಸಿದ ಒಂದೇ ಒಂದು ಕಾರ್ಡು ಅದು, ಬೈಬಲ್ಲಿನೊಳಗೆ ಇದೆ.

“ಆ ಕಾಗದ ನಾನು ನೋಡಬಹುದಾ?” ಎಂದಳು.

ಸಿಮುಕೋಕೊ ತಲೆಯೆತ್ತಿದ. “ನೋಡಿಲ್ವಾ ನೀವು?”

“ಓದಿ ಹೇಳಿದ್ರು. ಒಂದು ಸಾಲು.”

“ನಾಲ್ಕು ಸಲ ಬಂದಿದ್ದೀರಲ್ಲಮ್ಮ.”

“ಕೇಳಲಿಲ್ಲ,” ಎಂದಳು ಪರ್ಪೆಟುವಾ. ಅದು ಪೂರ್ತಿ ನಿಜವಲ್ಲ. ಅವನ ಕೈಬರಹದಲ್ಲಿ ಆ ಮಾತನ್ನು ನೋಡುವ ಧೈರ್ಯ ಇರಲಿಲ್ಲ. ಇನ್ನು ಇಲ್ಲಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ಇವತ್ತು ಬಾಯಿಂದ ಬಂದುಬಿಟ್ಟಿತು, ಅಷ್ಟೇ. ಸಿಮುಕೋಕೊ ಬಾಗಿಲ ಕಡೆ ಒಮ್ಮೆ ನೋಡಿ, ಫೈಲನ್ನು ತಿರುಗಿಸಿ ಅವಳ ಮುಂದೆ ತಳ್ಳಿದ. ಅವನ ತುಟಿಯ ಒಂದು ಕೊನೆ ಆಗಲೇ ನಗುವುದಕ್ಕೆ ಅಣಿಯಾದ ಹಾಗಿತ್ತು. ಅದು ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ.

ಸರ್ಕಾರಿ ನಮೂನೆಯ ಹಿಂಬದಿಯಲ್ಲಿ, ಬಲಕ್ಕೆ ವಾಲುವ ಅವನ ಉದ್ದುದ್ದ ಅಕ್ಷರಗಳು. ‘ಲಕೋಟೆ ನೋಡಿದ ಕೂಡಲೇ ನಿನ್ನ ಬರಹ ಅಂತ ಗೊತ್ತಾಯ್ತು ಕೋತಿ. ಒಳಗೆ ಸರ್ಕಾರದ ವೇಷ ಹಾಕ್ಕೊಂಡು ಕೂತಿದ್ದೀಯ. ಆಗಲಿ, ಸರ್ಕಾರಕ್ಕೇ ಉತ್ತರ ಕೊಡ್ತೀನಿ. ಸ್ವಾಮೀ ಸರ್ಕಾರವೇ, ಆ ಬೆಂಬಾ ಹೆಂಗಸು ಆರು ವರ್ಷ ಕೋತಿ ತಿಂದು ಮಾವಿನಮರದ ಕೆಳಗೆ ಮಲಗಿದ್ದಳು. ಏನೂ ಮಾಡಿಲ್ಲ. ಮಳೆ ತಾನಾಗಿ ಬಿತ್ತು. ಗಾಳಿ ತಾನಾಗಿ ಬೀಸಿತು. ಸೂರ್ಯ ನನ್ನ ಮೇಲಿನ ಭಯಕ್ಕೆ ತಾನಾಗಿ ಹುಟ್ಟಿದ. ಮಳೆಮಾಪಕದಲ್ಲಿ ಅವಳು ಹೆಂಡ ಹುಳಿಹಾಕುತ್ತಿದ್ದಳೆಂದು ನನಗೆ ಗುಮಾನಿ. ನನ್ನ ಅಜ್ಜ ಯುದ್ಧದಲ್ಲಿ ಹಿಡಿದು ತಂದ ಆಳು ಅವಳು, ಆಳಿಗೆ ಭತ್ಯೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೈಗೊಂದು ಗುದ್ದಲಿ ಕೊಟ್ಟು ಚಿಪಾಟಾದ ನನ್ನ ಹೊಲಕ್ಕೆ ಕಳಿಸಿ. ಕಾಲಿಲ್ಲದವನ ಎದುರು ನಿಂತು ನಾಲ್ಕು ಬೈದು ಹೋಗಲಿ. ಬೇಗ ಕಳಿಸಿ.’ ‘ಏನೂ ಮಾಡಿಲ್ಲ’ ಎಂಬುದರ ಕೆಳಗೆ ಯಾರೋ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದರು. ಮಿಕ್ಕ ಯಾವುದಕ್ಕೂ ಗೆರೆಯಿಲ್ಲ.

ಮೊದಲು ಅವಳ ಭುಜ ಅಲುಗಿತು. ಆಮೇಲೆ ಕುರ್ಚಿ ಟಕ್ ಟಕ್ ಎಂದಿತು. ಆಮೇಲೆ, ಕಚೇರಿ ಎಂಬುದನ್ನು ಮರೆತು, ಬಾಯಿಗೆ ಚಿತೆಂಗೆಯ ಸೆರಗು ಒತ್ತಿಕೊಂಡು ಅವಳು ನಗತೊಡಗಿದಳು. ಪಕ್ಕದ ಕೋಣೆಯ ಟೈಪಿಸ್ಟು ಇಣುಕಿ ನೋಡಿ ಹೋದಳು. ನಗು ಎಲ್ಲಿಗೆ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ ಸಿಮುಕೋಕೊಗೆ ತಿಳಿಯಲಿಲ್ಲ. ಅವನು ಕಿಟಕಿಯ ಕಡೆ ತಿರುಗಿ ಕೂತ. ಲಕೋಟೆ. ಹೌದು, ಅವಳದ್ದೇ ಬರಹ. ಅವಳ ಅರ್ಜಿಯ ಬಗ್ಗೆ ಜೇರೆಯ ಹೇಳಿಕೆ ಕೇಳುವ ಆ ನಮೂನೆ ಕಚೇರಿಯಿಂದ ‘ಸ್ಟೇಷನ್ನಿನ ಮುಖ್ಯಾಧಿಕಾರಿಯ ಮೂಲಕ’ ಎಂದು ಬಂದಾಗ, ಮುಖ್ಯಾಧಿಕಾರಿ ಎಂದರೆ ಅವಳೇ. ತನ್ನ ಸಾಕ್ಷಿಗೆ ಹೋಗಬೇಕಾದ ಕಾಗದವನ್ನು ತಾನೇ ಲಕೋಟೆಗೆ ಹಾಕಿ, ಮಿಷನ್ ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ವಿಳಾಸ ಬರೆದಳು. ಜೊತೆಗೆ ಒಂದು ಚೀಟಿ ಇಟ್ಟರೆ ಒಳ್ಳೆಯ ಮಾತು ಬರೆದುಕೊಡು ಎಂದು ಅಂಗಲಾಚಿದ ಹಾಗಾದೀತೆಂದು ನಾಚಿಕೆಯಾಗಿ, ಏನೂ ಇಡಲಿಲ್ಲ. ಹಾಸಿಗೆಯಲ್ಲಿದ್ದವನು ಇದೂ ಅವಳ ಆಟವೆಂದುಕೊಂಡ. ಅವನ ಮಗಳೋ ಯಾರೋ, ನಮೂನೆಯ ತಲೆಯ ಮೇಲಿದ್ದ ಅಚ್ಚಿನ ವಿಳಾಸಕ್ಕೆ ಅಂಚೆಗೆ ಹಾಕಿದರು. ಇಷ್ಟೇ ಆದದ್ದು. ಇಷ್ಟಕ್ಕೆ ಮೂರು ವರ್ಷ ಅವನ ಹೆಸರು ಬಂದಾಗೆಲ್ಲ ಮುಖ ತಿರುಗಿಸಿದ್ದಳು. ಬೈಗುಳದ ನೆಂಟನ ಮೇಲೆ ಸಿಟ್ಟಾಗಿದ್ದಳು.

ಅವಳ ಗಂಡ ಸತ್ತಾಗ ಜೇರೆ ಏನು ಮಾಡಿದ್ದ! ಆಗ ಅವನಿಗೆ ಎರಡೂ ಕಾಲಿದ್ದವು. ಅಂಗಳದಲ್ಲಿ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು, ಪಾದ್ರಿ ಬಂದಾಗಿತ್ತು. ಶವಪೆಟ್ಟಿಗೆ ಎತ್ತಬೇಕು ಎನ್ನುವಾಗ ಅವನು ಬಾಗಿಲಿಗೆ ಅಡ್ಡ ಮಲಗಿದ, ಸತ್ತವನ ಬೂಟುಗಳನ್ನು ಎದೆಗವಚಿಕೊಂಡು. “ಈ ಬೆಂಬಾ ನನಗೆ ಒಂದು ಕೋಳಿ ಬಾಕಿ ಇಟ್ಕೊಂಡಿದ್ದಾನೆ. ಕೊಡದೆ ಓಡಿ ಹೋಗೋ ಉಪಾಯ ಇದು! ಏಳೋ, ಸತ್ತ ಹಾಗೆ ನಟಿಸಬೇಡ!” ಅವನಿಗೆ ನಾಣ್ಯ ಕೊಟ್ಟು ಎಬ್ಬಿಸಬೇಕಾಯಿತು. ನಾಣ್ಯವನ್ನು ಕಚ್ಚಿ ನೋಡಿ, “ಇದೂ ಖೋಟಾ,” ಎಂದ. ಪರ್ಪೆಟುವಾ ಮೂರು ದಿನದಿಂದ ಕಲ್ಲಾಗಿ ಕೂತಿದ್ದವಳು ಆಗ ನಕ್ಕಳು. ನಕ್ಕ ಮೇಲೆಯೇ ಅವಳಿಗೆ ಅಳು ಬಂತು. ಹಾಗೆ ಮಾಡಿದವನನ್ನು ಮಣ್ಣಿಗೆ ಒಯ್ಯುವಾಗ ಬಾಗಿಲಿಗೆ ಅಡ್ಡ ಯಾರು ಮಲಗಿದರು?

“ನೀವು ಇದನ್ನ ಓದಿ ನಕ್ಕಿದ್ದಿರಿ,” ಎಂದಳು ಕಣ್ಣೊರೆಸಿಕೊಂಡು.

“ನಕ್ಕೆ ಅಮ್ಮ. ನಮ್ಮ ಮನೆಯವಳಿಗೂ ಹೇಳಿ ನಗಿಸಿದೆ. ಆದ್ರೆ ನಾನು ನಕ್ಕರೆ ಏನು ಬಂತು? ಮೇಲಿನೋರು ನಗಲ್ಲ. ಲಿಖಿತ ಸಾಕ್ಷಿ ಅಂತಾರೆ.” ಅವನು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. “ಒಂದು ದಾರಿ ಇದೆ. ಇದು ಬರೆದಾಗ ಅವರಿಗೆ ಕಾಯಿಲೆ ಜೋರಾಗಿತ್ತು ಅಲ್ವಾ? ಕಾಯಿಲೆಯಿಂದ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಹಾಗಾಗಿ ಈ ಹೇಳಿಕೆ ಲೆಕ್ಕಕ್ಕೆ ತಗೋಬಾರದು ಅಂತ ಎರಡು ಸಾಲು ಬರೆದು ಸಹಿ ಮಾಡಿ. ಮಿಕ್ಕಿದ್ದು ನಾನು ಮಾಡ್ತೀನಿ. ಪಾಸಾಗುತ್ತೆ. ಸತ್ತೋರಿಗೆ ಏನೂ ನಷ್ಟ ಇಲ್ಲ.”

ಬಿಳಿ ಹಾಳೆ ಮುಂದೆ ಬಂತು. ಪೆನ್ನಿಗೆ ದಾರ ಕಟ್ಟಿದ್ದರು, ಅದು ಹಾಳೆಯ ಅರ್ಧದವರೆಗೆ ಮಾತ್ರ ಎಟುಕುತ್ತಿತ್ತು. ಎರಡು ಸಾಲು. ತಗಡು, ಮಳೆಗಾಲಕ್ಕೆ ಮುಂಚೆ. ಮಾತ್ರವಲ್ಲ, ನೀನು ಮಾಡಿದ್ದೀಯ ಎಂದು ಸರ್ಕಾರ ಒಂದು ಸಲ ಒಪ್ಪಿಕೊಂಡ ಹಾಗೆ. ಅದಕ್ಕೆ ಬದಲಾಗಿ ಅವನು ಹುಚ್ಚ. ಅವನಲ್ಲಿ ಕೊನೆಯವರೆಗೆ ಕೊಳೆಯದೆ ಉಳಿದದ್ದು ಅದೊಂದೇ ಆಗಿತ್ತು, ಆ ನಾಲಗೆ. ಅವಳು ಹಾಳೆಯನ್ನೇ ಪೆನ್ನಿನ ಹತ್ತಿರ ಎಳೆದುಕೊಂಡು ಬರೆದಳು. ನಿಲ್ಲಿಸದೆ ಬರೆದಳು. ಬರೆಯುವಾಗ ಕುರ್ಚಿ ಎಷ್ಟು ಸಲ ಸದ್ದು ಮಾಡಿತೋ ಅವಳಿಗೆ ಕೇಳಿಸಲಿಲ್ಲ.

ಸಿಮುಕೋಕೊ ಗಟ್ಟಿಯಾಗಿಯೇ ಓದಿದ. “ಸಾಕ್ಷಿದಾರ ಲೆವಿಸನ್ ಜೇರೆ ಇಲಿ ತಿನ್ನುವ ಕುಲದವನು. ಯುದ್ಧದಲ್ಲಿ ನಮ್ಮವರನ್ನು ಕಂಡು ಓಡಿದವರ ಮೊಮ್ಮಗ. ಕುರ್ಚಿ ಬಿಟ್ಟು ಓಡಿದ್ದೂ ಹಾಗೆಯೇ. ಆರು ವರ್ಷ ಅವನ ಕೆಲಸವನ್ನೆಲ್ಲ ಅವನ ಯಜಮಾನಿಯಾದ ನಾನು ಮಾಡಿದ್ದೇನೆ. ಅವನ ಬುದ್ಧಿ ಕೊನೆಯವರೆಗೂ ಸರಿಯಾಗಿಯೇ ಇತ್ತು. ಅವನು ಬೇಗ ಬಾ ಎಂದು ಬರೆದಿದ್ದ. ನಾನು ಅವನ ಸಾವಿಗೆ ಹೋಗಲಿಲ್ಲ.” ಹಾಳೆ ಕೆಳಗಿಟ್ಟ. ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಅಮ್ಮ, ಈ ಕೊನೇ ಸಾಲು ಬೇಡವೇನೋ.”

“ಇರಲಿ.”

“ಹೀಗೇ ಕಳಿಸಿದ್ರೆ ವಾಪಸ್ ಬರುತ್ತೆ.”

“ಬರಲಿ ಕಣಪ್ಪ. ಅವನ ಕಾಗದದ ಪಕ್ಕದಲ್ಲಿ ಹಾಕು, ಅಷ್ಟು ಸಾಕು. ಉತ್ತರ ಕೊಡದೆ ಬಿಟ್ಟರೆ ಅವನು ಗೆದ್ದೆ ಅಂದ್ಕೋತಾನೆ.”

ಸರ್ ಎನ್ನುವುದು ತಪ್ಪಿಹೋದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅವನು ಸೀಲು ಒತ್ತಿ, ಎರಡು ಹಾಳೆಗಳನ್ನು ಒಂದೇ ದಾರಕ್ಕೆ ಪೋಣಿಸಿದ.

ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಬಿಸಿಲು. ಅವಳ ಊರಿನ ಬಸ್ಸು ಜನ ತುಂಬುವುದನ್ನು ಕಾಯುತ್ತಾ ಗುರುಗುಟ್ಟುತ್ತಿತ್ತು. ಚೀಲ ಆಗಲೇ ಮೇಲೆ ಏರಿತ್ತು. ಚಿಕಂಡ ಎಂಬ ಗೆಡ್ಡೆಯ ತಿಂಡಿ ಮಾರುವವಳ ಕೊಡೆಯ ನೆರಳಿನಲ್ಲಿ ನಿಂತು ಪರ್ಪೆಟುವಾ ಫೋನು ತೆಗೆದಳು. ಮೂರು ವರ್ಷದಿಂದ ಅಳಿಸದೆ, ಮುಟ್ಟದೆ ಇಟ್ಟಿದ್ದ ಹೆಸರು ಅದರಲ್ಲಿ ಹಾಗೇ ಇತ್ತು: ‘ಇಲಿ ಬಿಲ’. ಏಳೆಂಟು ಸಲ ರಿಂಗಾಯಿತು.

“ಯಾರು?” ಅದು ಎನಲೆಸ್‌ಳ ದನಿ, ಜೇರೆಯ ಹೆಂಡತಿ.

“ಇಲಿ ಬಿಲವಾ ಇದು? ನಾನು ನಿಮ್ಮ ಯಜಮಾನಿ ಮಾತಾಡ್ತಿರೋದು.”

ಆಚೆ ಕಡೆ ಒಂದು ಕೋಳಿ ಕೂಗಿತು.

“ನಿನ್ನ ಗಂಡ ನನ್ನ ಮೇಲೆ ಸರ್ಕಾರಕ್ಕೆ ಚಾಡಿ ಬರೆದಿದ್ದಾನೆ. ವಿಚಾರಿಸ್ಕೋಬೇಕು. ಎಲ್ಲಿ ಅಡಗಿಸಿಟ್ಟಿದ್ದೀಯ ಅವನನ್ನ?”

“ಮೂರು ವರ್ಷ,” ಎಂದಳು ಎನ‌ಲೆಸ್. ಆಮೇಲೆ ದನಿ ಗಟ್ಟಿಯಾಯಿತು. “ಮೂರು ವರ್ಷ ಆಯ್ತಲ್ಲೇ ಕೋತಿ ತಿನ್ನೋಳೇ! ಅವತ್ತು ಮೂರು ಗಂಟೆವರೆಗೂ ನಾವು ಪೆಟ್ಟಿಗೆ ಎತ್ತಲಿಲ್ಲ. ಬಸ್ಸು ತಡ ಆಗಿರಬೇಕು, ಅವಳು ಬಂದೇ ಬರ್ತಾಳೆ ಅಂತ ಕೂತಿದ್ವಿ. ಕೊನೆಗೆ ಯಾರ ಹತ್ರಾನೂ ಬೈಸಿಕೊಳ್ಳದೆ ಹೋದ. ದೊಡ್ಡ ಮನುಷ್ಯನ ಹಾಗೆ, ಗಂಭೀರವಾಗಿ. ನಮಗೇ ಅವಮಾನ ಆಯ್ತು.”

“ಸಿಟ್ಟು ಬಂದಿತ್ತು ಎನಲೆಸ್.”

“ಏನು?”

“ಅವನ ಮೇಲೆ. ಸಿಟ್ಟು ಬಂದಿತ್ತು.”

“ಸಿಟ್ಟಾ! ಅವನ ಮೇಲಾ!” ಎನಲೆಸ್ ಎಷ್ಟು ಹೊತ್ತು ನಕ್ಕಳೆಂದರೆ ಪರ್ಪೆಟುವಾ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯಬೇಕಾಯಿತು. “ಹಾಗಾದ್ರೆ ಸೋತೆ ಕಣೇ ನೀನು. ಅವನೇ ಗೆದ್ದ. ಇದನ್ನ ಹೋಗಿ ಹೇಳ್ಬೇಕು ಅವನಿಗೆ.”

“ನಾನೇ ಬಂದು ಹೇಳ್ತೀನಿ.”

“ಬರಿಗೈಲಿ ಬಂದೀಯ ಮತ್ತೆ.”

“ಆಳಿನ ಮನೆಗೆ ಯಜಮಾನಿ ಹೊತ್ಕೊಂಡು ಹೋಗ್ತಾಳಾ? ಹುಂಜ ಕೂಗ್ತಿದೆಯಲ್ಲ, ಅದನ್ನ ಕಟ್ಟಿಹಾಕಿರು.”

ಫೋನಿಟ್ಟ ಮೇಲೆ ಅಭ್ಯಾಸಬಲದಿಂದ ತಲೆಯೆತ್ತಿದಳು. ಮೂರು ತುತ್ತು ಮೋಡ, ಪೂರ್ವದ ಕಡೆ. ನಾಳೆ ಎಂಟಕ್ಕೆ ಸ್ಟೇಷನ್ನಿನಲ್ಲಿರಬೇಕು ಎಂದು ಕಾಲು ತಾನಾಗಿ ಊರಿನ ಬಸ್ಸಿನ ಕಡೆ ಎರಡು ಹೆಜ್ಜೆ ಇಟ್ಟಿತು. ನಿಂತಳು. ಇನ್ನೊಂದು ನಂಬರು ಒತ್ತಿದಳು.

“ಎಡಿನಾ, ನಾಳೆ ಎಂಟರದ್ದು ನೀನೇ ನೋಡು. ಒಂದು ವಾರ ನಿನ್ನದೇ. ಸಂಜೆ ಕಾರ್ಡು ಮರೀಬೇಡ. ಸಹಿ ನಿನ್ನ ಹೆಸರಲ್ಲೇ ಹಾಕು.”

“ನನ್ನ ಹೆಸರಲ್ಲಾ? ಅಂದ್ರೆ ಪ್ರಭಾರವಾ ಅಮ್ಮ? ಭತ್ಯೆ ಯಾರು ಕೊಡ್ತಾರೆ?”

“ಭತ್ಯೆ ಯಾಕೇ? ಮಳೆ ತಾನಾಗಿ ಬೀಳುತ್ತೆ. ನೀನು ಎದ್ದು ಹೋಗಿ ನೋಡು, ಅಷ್ಟೇ.”

ಊರಿನ ಬಸ್ಸಿನ ಕಂಡಕ್ಟರು ಗೊಣಗುತ್ತಾ ಏಣಿ ಹತ್ತಿದ. ಜೋಳದ ಮೂಟೆಗಳ ಅಡಿಯಿಂದ ಅವಳ ಚೀಲವನ್ನು ಎಳೆದು ತೆಗೆದು ಕೆಳಕ್ಕೆ ಇಳಿಬಿಟ್ಟ. ಪರ್ಪೆಟುವಾ ಎರಡೂ ಕೈ ಚಾಚಿ ಅದನ್ನು ಹಿಡಿದುಕೊಂಡಳು.